ಒಂಬತ್ತು ಮಂದಿಯ ಪಾಸ್‌ವರ್ಡ್

ಮೂಡುಬಿದಿರೆ
17 ನವೆಂಬರ್ 2025, ಸೋಮವಾರ

ರುಕ್ಮಯ್ಯ ಮಾವನಿಗೆ,

ನಿಮ್ಮ ಗುಟ್ಟನ್ನು ಹೊರಗೆ ಹಾಕಿದ್ದು ಆ ಆಪ್ತಸಮಾಲೋಚಕಿ ಶ್ರೀಲಕ್ಷ್ಮಿ ಮೇಡಂ ಅಲ್ಲ, ನಾನು. ನೀವು ಅವರಿಗೆ ಬರೆದದ್ದನ್ನು ನಾನು ಓದಿದೆ. ಓದಿ ಅಮ್ಮನಿಗೆ ಹೇಳಿದೆ. ಎರಡೂ ತಪ್ಪು. ಎರಡೂ ಗೊತ್ತಿದ್ದೇ ಮಾಡಿದ್ದು.

ಮೊನ್ನೆ ಶನಿವಾರ ನೀವು ಶ್ರೀಲಕ್ಷ್ಮಿ ಮೇಡಂಗೆ ಕಳಿಸಿದ ಸಿಟ್ಟಿನ ಮಾತೂ ನನಗೆ ಬಂತು. "ನಿಮ್ಮನ್ನು ನಂಬಿ ಹೇಳಿದೆ, ನೀವು ಊರಿಗೆಲ್ಲ ಡಂಗುರ ಹೊಡೆದಿರಿ, ಇನ್ನು ನನಗೆ ಫೋನ್ ಮಾಡಬೇಡಿ" ಎಂದು ಬರೆದಿದ್ದಿರಿ. ಏನೂ ಮಾಡದ ಒಬ್ಬರ ತಲೆಗೆ ನನ್ನ ತಪ್ಪು ಹೋಗಿ ಕೂತಿತು. ಅದಕ್ಕೇ ಈ ಪತ್ರ.

ಹೇಗಾಯಿತು ಎಂದು ಹೇಳುತ್ತೇನೆ. ಎರಡು ವರ್ಷದ ಹಿಂದೆ ನೀವು ಹೊಸ ಫೋನು ತೆಗೆದುಕೊಂಡು ನಮ್ಮ ಜೆರಾಕ್ಸ್ ಅಂಗಡಿಗೆ ಬಂದಿರಿ. ಫೋನು ಮೇಲ್ ವಿಳಾಸ ಕೇಳಿತು. "ನಿನ್ನದೇ ಹಾಕು ಮಾರಾಯ್ತಿ, ಬಸ್ಸಿಗೆ ಟೈಮ್ ಆಯ್ತು" ಎಂದಿರಿ. ನಾನು ನನ್ನದೇ ಹಾಕಿದೆ. ಅಮ್ಮನಿಗೂ ಹಾಗೆಯೇ ಮಾಡಿದ್ದೆ, ವೇಣೂರಿನ ದೊಡ್ಡಮ್ಮನಿಗೂ, ಅತ್ತೆಗೂ, ನಾರಾವಿಯ ನಮ್ಮ ನೆರೆಮನೆಯ ಐಸಮ್ಮನಿಗೂ. ಒಟ್ಟು ಒಂಬತ್ತು ಮಂದಿ. ಮನೆಯಲ್ಲಿ ಫೋನು ಗೊತ್ತಿರುವವಳು ನಾನೊಬ್ಬಳೇ ಎಂದು ಎಲ್ಲರ ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ನನಗೆ ಅದರಿಂದ ಸ್ವಲ್ಪ ಜಂಬವೂ ಇತ್ತು.

ಆರೋಗ್ಯ ಶಿಬಿರದಲ್ಲಿ ಸಿಕ್ಕಿದ ಚೀಟಿ ನೋಡಿ ನೀವು ಆ ಆನ್‌ಲೈನ್ ಆಪ್ತಸಮಾಲೋಚನೆಗೆ ಸೇರಿದಾಗ, ಫೋನಿನಲ್ಲಿ ಮಾತಾಡಿದ ಮೇಲೆ ನೀವು ಮೇಡಂಗೆ ಬರೆದು ಕಳಿಸುತ್ತಿದ್ದುದರ ಪ್ರತಿ ಮೇಲ್‌ಗೆ ಬರತೊಡಗಿತು. ಅಂದರೆ ನನಗೆ. ಮೊದಲನೆಯದು ನನ್ನ ಕಣ್ಣಿಗೆ ಬಿದ್ದದ್ದು. ಎರಡನೆಯದು, ಮೂರನೆಯದು, ನಾಲ್ಕನೆಯದು ನಾನಾಗಿ ತೆರೆದು ಓದಿದ್ದು.

ಜೂನಿನಲ್ಲಿ ಪಾಣೆಮಂಗಳೂರಿನ ಸೇತುವೆಯ ಮೇಲೆ ಆ ಸ್ಕೂಟರು ಜಾರಿ ನಿಮ್ಮ ಬಸ್ಸಿನ ಮುಂದೆ ಬಿತ್ತಲ್ಲ, ಅದು ನಮಗೆಲ್ಲ ಗೊತ್ತಿತ್ತು. ಯಾರಿಗೂ ಗಾಯ ಆಗಲಿಲ್ಲ ಎಂದು ನಾವು ಮರೆತೆವು. ಅಂದಿನಿಂದ ಸೇತುವೆ ಹತ್ತಿರ ಬಂದರೆ ನಿಮ್ಮ ಕೈ ಬೆವರುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಸೇತುವೆಗೆ ಮೊದಲು ಬಿ.ಸಿ.ರೋಡಿನಲ್ಲೇ ಸ್ಟೇರಿಂಗನ್ನು ಇನ್ನೊಬ್ಬ ಡ್ರೈವರ್ ಸಂದೇಶಣ್ಣನಿಗೆ ಕೊಟ್ಟು ಇಳಿಯುತ್ತೀರಿ ಎಂಬುದು ಗೊತ್ತಿರಲಿಲ್ಲ. ಅದನ್ನು ಓದಿ ನನಗೆ ಅಳು ಬಂತು, ಅಮ್ಮನಿಗೆ ಹೇಳಿದೆ. ಅಳು ಬಂದದ್ದು ಹೇಳಲು ಅನುಮತಿ ಅಲ್ಲ ಎಂದು ಈಗ ಗೊತ್ತಾಗುತ್ತದೆ.

ನಮ್ಮ ಅಂಗಡಿಯ ಗೋಡೆಯಲ್ಲಿ "ನಿಮ್ಮ ಮಾತು ನಿಮ್ಮ ಸೊತ್ತು" ಎಂಬ ಕರಪತ್ರ ಉಂಟಲ್ಲ, ಅದನ್ನು ಅಂಟಿಸಿದವಳು ನಾನು. ಯುವಕ ಮಂಡಲದ ಸಭೆಯಲ್ಲಿ ದೊಡ್ಡ ಕಂಪೆನಿಗಳು ಬಡವರ ಮನೆಯೊಳಗೆ ಇಣುಕುತ್ತವೆ ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದವಳೂ ನಾನೇ. ಇಣುಕುವುದಕ್ಕೆ ಕಂಪೆನಿಯೇ ಬೇಕೆಂದಿಲ್ಲ.

ದಯವಿಟ್ಟು ಮೇಡಂ ಜೊತೆ ಮಾತಾಡುವುದನ್ನು ಬಿಡಬೇಡಿ. ನನ್ನನ್ನು ಬಿಟ್ಟರೂ ಅವರನ್ನು ಬಿಡಬೇಡಿ.

ನೀವು ನನ್ನ ಫೋನು ಎತ್ತುತ್ತಿಲ್ಲ. ನಿಮ್ಮ ಬಸ್ಸು ಅಂಗಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲುತ್ತದೆ, ನೀವು ನನ್ನನ್ನು ನೋಡಿ ಕನ್ನಡಿ ಸರಿಮಾಡುತ್ತೀರಿ. ಹಾಗಾಗಿ ಇದನ್ನು ಅಂಟು ಹಾಕಿ ಮುಚ್ಚಿ ಕಂಡಕ್ಟರ್ ಅಸ್ಕರಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ.

ನಿಮ್ಮ ಅಕ್ಕನ ಮಗಳು,
ಮೋಕ್ಷಿತಾ

•

ಸಿದ್ದಕಟ್ಟೆ
21 ನವೆಂಬರ್ 2025

ಮೋಕ್ಷಿತಾ,

ಪತ್ರ ಸಿಕ್ಕಿತು. ಹತ್ತು ದಿನದಿಂದ ನಮ್ಮ ಬಸ್ಸಿನಲ್ಲಿ ಯಾಕೆ ನೆಂಟರ ಜಾತ್ರೆ ಎಂದು ಈಗ ಅರ್ಥವಾಯಿತು.

ಮೊದಲು ನಿನ್ನ ಅಮ್ಮ, ನಮ್ಮ ನೀಲಾವತಿ ಅಕ್ಕ. ನಾರಾವಿಯಿಂದ ಒಂದು ಬಸ್ಸು ಹಿಡಿದು ಮೂಡುಬಿದಿರೆಗೆ ಬಂದು, ನಮ್ಮ 7.40ರ ಟ್ರಿಪ್ಪಿಗೆ ಹತ್ತಿ, ಕೈಯಲ್ಲಿ ಜೀರಿಗೆ ಕಷಾಯದ ಫ್ಲಾಸ್ಕು ಹಿಡಿದು ನನ್ನ ಎಡಗಡೆಯ ಸೀಟಿನಲ್ಲಿ ಕೂತಳು.

"ಎಲ್ಲಿಗೆ ಅಕ್ಕ?"

"ಬಂಟ್ವಾಳಕ್ಕೆ."

"ಬಂಟ್ವಾಳದಲ್ಲಿ ಏನುಂಟು?"

"ಯಾಕೆ, ಬಂಟ್ವಾಳ ಇಲ್ವಾ?"

ಮರುದಿನ ವೇಣೂರಿನ ದೊಡ್ಡಕ್ಕ. ಅವಳಿಗೆ ಬಸ್ಸು ಹತ್ತಿದರೆ ವಾಂತಿ, ಅದು ನಿನಗೂ ಗೊತ್ತು. ಮೂಗಿಗೆ ಲಿಂಬೆಹುಳಿ ಹಿಡಿದುಕೊಂಡು ಪ್ರತಿ ತಿರುವಿನಲ್ಲಿ "ನಿಧಾನ ಮಗಾ, ನಿಧಾನ" ಎನ್ನುತ್ತಾ ಕೂತಳು. ಹತ್ತೊಂಬತ್ತು ವರ್ಷದಿಂದ ಬಸ್ಸು ಬಿಡುವವನಿಗೆ! ಮೂರನೆಯ ದಿನ ಇಬ್ಬರೂ ಒಟ್ಟಿಗೆ. ಅಸ್ಕರ್ ಟಿಕೆಟು ಹರಿಯುತ್ತಾ ಕೇಳಿದ, "ರುಕ್ಮಣ್ಣ, ನಿಮ್ಮ ಮನೆಯಲ್ಲಿ ಮದುವೆ ಏನಾದರೂ ಉಂಟಾ?"

ಇದಕ್ಕೆಲ್ಲ ನಗಬಹುದು. ನಗಲಿಕ್ಕೆ ಆಗದ್ದು ಒಂದುಂಟು. ನಿನ್ನ ಅತ್ತೆಗೆ ನಾನು ಹೇಳಬೇಕೆಂದು ಒಂದು ತಿಂಗಳಿಂದ ಮಾತು ಜೋಡಿಸುತ್ತಿದ್ದೆ. ಇವತ್ತು ಹೇಳುವ, ನಾಳೆ ಹೇಳುವ ಎಂದು. ಕಡೆಗೆ ಬಾಯಿ ಬಿಟ್ಟಾಗ ಅವಳು ತಲೆ ತಗ್ಗಿಸಿ, "ನನಗೆ ಗೊತ್ತುಂಟು, ನೀಲಾವತಿ ಅತ್ತಿಗೆ ಹೇಳಿದ್ದಾರೆ" ಎಂದಳು. ಅಕ್ಕನಿಗೆ ಮೇಡಂ ಹೇಳಿರಬೇಕು ಎಂದುಕೊಂಡು ನಾನು ಅವರಿಗೆ ಬೈದು ಬರೆದೆ.

ನಮ್ಮ ಓನರ್ ಚಿದಾನಂದಣ್ಣನಿಗೆ ಇದು ಯಾರದೋ ಬಾಯಿಂದ ಗೊತ್ತಾದರೆ ನನ್ನನ್ನು ಬಸ್ಸಿನಿಂದ ಇಳಿಸುತ್ತಾರೆ. ತಲೆ ಸರಿ ಇಲ್ಲದ ಡ್ರೈವರ್ ಎಂದ ಮೇಲೆ ಬೇರೆ ಯಾವ ಓನರೂ ಹತ್ತಿಸುವುದಿಲ್ಲ. ನನಗೆ ಬೇರೆ ಕೆಲಸ ಗೊತ್ತಿಲ್ಲ.

ನಿನ್ನ ಮೇಲ್‌ನಿಂದ ನನ್ನ ಫೋನನ್ನು ಬಿಡಿಸು. ನಾನು ಸಿಟ್ಟಿನಲ್ಲಿದ್ದೇನೆ. ಸಿಟ್ಟಿನಲ್ಲಿ ಬಸ್ಸು ಬಿಡಬಾರದು, ಪತ್ರವೂ ಬರೆಯಬಾರದು. ನಿಲ್ಲಿಸುತ್ತೇನೆ.

ರುಕ್ಮಯ್ಯ

•

ಮೂಡುಬಿದಿರೆ
25 ನವೆಂಬರ್ 2025

ಮಾವ,

ಬಿಡಿಸಿದೆ. ನನ್ನ ಕಡೆಯಿಂದಲೇ ನಿಮ್ಮ ಫೋನನ್ನು ಹೊರಗೆ ಹಾಕಿದ್ದೇನೆ. ಇವತ್ತು ನಿಮ್ಮ ಫೋನು ಏನೋ ಕೇಳುತ್ತದೆ, ಹೆದರಬೇಡಿ, ಅದು ನಿಮ್ಮದೇ ಹೊಸ ವಿಳಾಸ ಕೇಳುವುದು. ಹಳೆಯ ಮೇಲ್‌ಗಳನ್ನು ಅಳಿಸಿದೆ. ಮೇಡಂ ನಿಮ್ಮ ಸಿಟ್ಟಿಗೆ ಉತ್ತರ ಬರೆದಿದ್ದರು, ಅದನ್ನು ನಾನು ತೆರೆಯಲಿಲ್ಲ. ಆಪ್ತಸಮಾಲೋಚನೆಯ ನಿಮ್ಮ ಖಾತೆಗೆ ನೀವೇ ಹೋಗಿ ನೋಡಿದರೆ ಅಲ್ಲಿ ಉಂಟು.

ಅಮ್ಮನನ್ನು ವಿಚಾರಣೆ ಮಾಡಿದೆ.

"ನಾನು ಯಾರಿಗೂ ಹೇಳ್ಲಿಲ್ಲ" ಎಂದರು.

"ದೊಡ್ಡಮ್ಮನಿಗೆ?"

"ಅವಳು ಯಾರೂ ಅಲ್ಲವಲ್ಲ, ನನ್ನ ಅಕ್ಕ."

"ಅತ್ತೆಗೆ?"

"ಹೆಂಡತಿಗೆ ಹೇಳದೆ?"

"ನಿಮ್ಮ ಸ್ವಸಹಾಯ ಸಂಘದಲ್ಲಿ?"

ಇಲ್ಲಿ ಅಮ್ಮ ಸ್ವಲ್ಪ ತಡವರಿಸಿದರು. "ಹೆಸರು ಹೇಳ್ಲಿಲ್ಲ ಮಾರಾಯ್ತಿ. ಮೂಡುಬಿದಿರೆ ವಿಟ್ಲ ಬಸ್ಸಿನ ಒಬ್ಬ ಡ್ರೈವರ್, ನನಗೆ ಭಾರೀ ಹತ್ತಿರದವರು ಅಂತ ಮಾತ್ರ ಹೇಳಿದ್ದು. ಅವರೆಲ್ಲ ಪಾಪ, ಭಜನೆಯಲ್ಲಿ ನೆನೆಸಿಕೊಳ್ಳುತ್ತೇವೆ ಅಂದ್ರು."

ಆ ದಾರಿಯಲ್ಲಿ ಎಷ್ಟು ಡ್ರೈವರುಗಳು, ಅದರಲ್ಲಿ ಅಮ್ಮನಿಗೆ ಹತ್ತಿರದವರು ಎಷ್ಟು ಎಂದು ನಾನು ಕೇಳಿದೆ. ಅಮ್ಮ ಬೆರಳು ಮಡಚಿ ಎಣಿಸಲು ಹೊರಟು ಮೊದಲ ಬೆರಳಿನಲ್ಲೇ ನಿಂತರು. "ಅಯ್ಯೋ ದೇವರೇ" ಎಂದರು. ಹೆಸರು ತೆಗೆದರೆ ಆಯಿತು ಎಂದು ದೊಡ್ಡ ದೊಡ್ಡ ಕಂಪೆನಿಯವರೂ ಹೇಳುತ್ತಾರೆ, ನಾನು ಕರಪತ್ರದಲ್ಲಿ ಓದಿದ್ದೇನೆ. ಅಮ್ಮನೂ ಅವರ ಸಾಲಿಗೆ ಸೇರಿದರು.

ಸಂಘದ ಹನ್ನೆರಡು ಮಂದಿಗೂ ಅಮ್ಮನೇ ಹೋಗಿ ಮಾತು ಮುಂದೆ ಹೋಗಬಾರದು ಎಂದು ಕೇಳಿಕೊಂಡಿದ್ದಾರೆ. ಇನ್ನು ಕೆಲಸ ಇಲ್ಲದೆ ನಿಮ್ಮ ಬಸ್ಸು ಹತ್ತುವುದಿಲ್ಲ ಎಂದೂ ಮಾತು ಕೊಟ್ಟಿದ್ದಾರೆ. ಕಷಾಯ ಕಳಿಸಬಹುದಾ ಎಂದು ಕೇಳಿದರು. ನಾನು ಬೇಡ ಎಂದೆ.

ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ಆನ್‌ಲೈನ್ ಆಪ್ತಸಮಾಲೋಚನೆ ಮಾಡುವವರು ತಮ್ಮ ಖಾಸಗಿತನ ಉಳಿಸಿಕೊಳ್ಳುವುದು ಹೇಗೆ ಎಂದು ಎರಡು ದಿನ ಕೂತು ಓದಿ ಬರೆದದ್ದು. ಹದಿನೇಳು ನಿಯಮಗಳು. ಇದು ನಿಮ್ಮ ಹಕ್ಕು, ಮಾವ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಮನೆಯಲ್ಲಿ ಮಾತ್ರ ಅದು ಇನ್ನೂ ಜಾರಿಗೆ ಬಂದಿಲ್ಲ.

ಮೋಕ್ಷಿತಾ

•

ಸಿದ್ದಕಟ್ಟೆ
16 ಡಿಸೆಂಬರ್ 2025

ಮೋಕ್ಷಿತಾ,

ಮೂರು ವಾರ ಉತ್ತರ ಬರೆಯಲಿಲ್ಲ. ನಿನ್ನನ್ನು ಸತಾಯಿಸಲೆಂದು ಅಲ್ಲ. ಸ್ವಲ್ಪ ಅದೂ ಇತ್ತು.

ನಿನ್ನ ಹದಿನೇಳು ನಿಯಮ ಓದಿದೆ. ಆರ್‌ಟಿಓದವರು ಲೈಸೆನ್ಸು ಕೊಡುವಾಗಲೂ ಇಷ್ಟು ಕೇಳಲಿಲ್ಲ. ಹನ್ನೊಂದನೆಯದು "ಗೋಡೆಗಳಿಗೆ ಕಿವಿಯಿಲ್ಲದ ಕೋಣೆಯನ್ನು ಆರಿಸಿಕೊಳ್ಳಿ" ಎಂದು ಉಂಟು. ನಮ್ಮ ಮನೆಯ ಗೋಡೆ ಹೆಂಚಿನ ಮಾಡಿನವರೆಗೆ ಹೋಗುವುದೇ ಇಲ್ಲ. ಈ ಕೋಣೆಯಲ್ಲಿ ಸೀನಿದರೆ ಆಚೆ ಕೋಣೆಯಲ್ಲಿ "ಚಿರಂಜೀವಿ" ಎನ್ನುತ್ತಾರೆ.

ಮೇಡಂ ಜೊತೆ ಮತ್ತೆ ಮಾತಾಡಲಿಲ್ಲ. ನಾಚಿಕೆಯಾಗುತ್ತದೆ. ತಪ್ಪಿಲ್ಲದವರಿಗೆ ಬೈದಿದ್ದೇನೆ. ಸೇತುವೆಗೆ ಸಂದೇಶನೇ ಹೋಗುತ್ತಿದ್ದಾನೆ. ಅವನು ಏನೂ ಕೇಳುವುದಿಲ್ಲ. ಸ್ಟೇರಿಂಗ್ ಹಿಡಿಯುವಾಗ "ಚಾ ಕುಡಿಯಿರಿ ಅಣ್ಣ" ಎನ್ನುತ್ತಾನೆ, ಅಷ್ಟೇ.

ನಾನು ಯಾಕೆ ಕನ್ನಡದಲ್ಲಿ ಹೇಳಿದ್ದು ಗೊತ್ತುಂಟಾ ನಿನಗೆ? ಆ ಮೇಡಂಗೆ ತುಳು ಬರುವುದಿಲ್ಲ. ನಾನು ಶಾಲೆಯ ಕನ್ನಡದಲ್ಲಿ ನಿಧಾನವಾಗಿ ಹೇಳಿದೆ, ವಾರ್ತೆ ಓದಿದ ಹಾಗೆ. ಆದರೆ ಒಂದು ವಿಷಯ. ತುಳುವಿನಲ್ಲಿ ನನಗೆ "ಹೆದರಿಕೆಯಾಗುತ್ತದೆ" ಎಂದು ಹೇಳಿ ಗೊತ್ತೇ ಇಲ್ಲ. ಕನ್ನಡದಲ್ಲಿ ಅದು ಬೇರೆ ಯಾರದೋ ಹೆದರಿಕೆಯಂತೆ ಬಾಯಿಯಿಂದ ಹೊರಗೆ ಬಂತು. ದೂರದ ಊರಿನ, ಮುಖ ಗೊತ್ತಿಲ್ಲದ, ನೆಂಟಳಲ್ಲದ ಒಬ್ಬರು. ಅದಕ್ಕಾಗಿಯೇ ನಾನು ಆನ್‌ಲೈನ್ ಹುಡುಕಿದ್ದು. ಇಲ್ಲೇ ಆಸ್ಪತ್ರೆಗೆ ಹೋಗಿದ್ದರೆ ಚೀಟಿ ಬರೆಯುವ ಕಿಟಕಿಯಲ್ಲೇ ಎರಡು ಮಂದಿ ಗುರ್ತದವರು ಸಿಗುತ್ತಿದ್ದರು. ಅಂಥ ದೂರವನ್ನು ನೀನೂ ನನ್ನ ಅಕ್ಕಂದಿರೂ ಸೇರಿ ಮನೆಯ ಅಂಗಳಕ್ಕೆ ತಂದಿರಿ.

ನನಗೆ ಒಂದು ತಿಳಿಯಬೇಕು. ಏನೇನು ಓದಿದ್ದಿ? ಸುಳ್ಳು ಹೇಳಬೇಡ, ಸಕ್ಕರೆ ಹಾಕಬೇಡ. ಯಾವುದನ್ನು ಅಕ್ಕನಿಗೆ ಹೇಳಿದಿ, ಯಾವುದನ್ನು ಹೇಳಲಿಲ್ಲ? ನನ್ನ ಬಗ್ಗೆ ಯಾರಿಗೆ ಎಷ್ಟು ಗೊತ್ತುಂಟು ಎಂದು ಗೊತ್ತಿಲ್ಲದೆ ನಾನು ಮನೆಯಲ್ಲಿ ಊಟಕ್ಕೆ ಕೂರುವುದೇ ಕಷ್ಟವಾಗಿದೆ. ವೇಣೂರಿಗೆ ಹೋದಾಗ ದೊಡ್ಡಕ್ಕ ಮೀನು ಬಡಿಸಿ ಕಣ್ಣು ಒರೆಸಿಕೊಂಡರೆ ಅದು ಹೊಗೆಯೋ ನಾನೋ ಎಂದು ತಿಳಿಯುವುದಿಲ್ಲ.

ರುಕ್ಮಯ್ಯ

•

ಮೂಡುಬಿದಿರೆ
19 ಡಿಸೆಂಬರ್ 2025

ಮಾವ,

ಕೇಳಿದ್ದಕ್ಕೆ ಮಾತ್ರ ಉತ್ತರ.

ಓದಿದ್ದು: ಸ್ಕೂಟರಿನ ಹಿಂದೆ ಕೂತಿದ್ದ ಹುಡುಗಿಯ ನೀಲಿ ಶಾಲೆಚೀಲ ನಿಮಗೆ ಈಗಲೂ ಕಾಣುತ್ತದೆ ಎಂಬುದು. ಬ್ರೇಕ್ ಹಿಡಿದ ಮೇಲೆ ಹಿಂದಿನಿಂದ ಯಾರೋ "ಎಂಥ ಡ್ರೈವರ್ ಮಾರಾಯ" ಎಂದು ಬೈದದ್ದು, ಅವರಿಗೆ ಆ ಹುಡುಗಿ ಕಾಣಲಿಲ್ಲ ಎಂಬುದು. ಜುಲೈಯಲ್ಲಿ ಒಮ್ಮೆ ಸೇತುವೆ ದಾಟಿ ಬಸ್ಸು ಬದಿಗೆ ನಿಲ್ಲಿಸಿ, ಟಯರು ನೋಡುವ ನೆಪದಲ್ಲಿ ಕೆಳಗೆ ಕೂತದ್ದು. ಅದೇ ದಿನ ತೀರ್ಮಾನಿಸಿದ್ದು, ಪ್ರಯಾಣಿಕರನ್ನು ಕೂರಿಸಿಕೊಂಡು ಇನ್ನು ನಾನು ಇದನ್ನು ದಾಟಬಾರದು ಎಂದು. ಮತ್ತೆ ನೀವು ಅಜ್ಜನ ಬಗ್ಗೆ ಬರೆದದ್ದು.

ಅಮ್ಮನಿಗೆ ಹೇಳಿದ್ದು: ಸೇತುವೆಯ ಹೆದರಿಕೆ, ಸಂದೇಶಣ್ಣ ಬಸ್ಸು ಬಿಡುವುದು, ನೀವು ಒಬ್ಬರ ಹತ್ತಿರ ಫೋನಿನಲ್ಲಿ ಮಾತಾಡುವುದು.

ಅಮ್ಮನಿಗೆ ಹೇಳದ್ದು: ನೀಲಿ ಚೀಲ. ಟಯರು. ಅಜ್ಜ. ಅವು ನನ್ನ ಹತ್ತಿರವೇ ಉಂಟು. ವಾಪಸು ಕೊಡಲು ಸಾಧ್ಯವಿದ್ದರೆ ಕೊಡುತ್ತಿದ್ದೆ. ಓದಿದ್ದನ್ನು ಅಳಿಸುವ ಗುಂಡಿ ಯಾವ ಕರಪತ್ರದಲ್ಲೂ ಸಿಗಲಿಲ್ಲ.

ಇಷ್ಟೇ. ಇದರಲ್ಲಿ ಒಂದಕ್ಷರ ಬಿಟ್ಟಿಲ್ಲ.

ಇನ್ನು ನಿಮಗೆ ನಗು ಬರಲಿ ಎಂದು ಒಂದು ಸುದ್ದಿ. ಉಳಿದ ಎಂಟು ಮಂದಿಗೂ ಅವರವರ ಖಾತೆ, ಅವರವರ ಪಾಸ್‌ವರ್ಡ್ ಮಾಡಿಕೊಡುತ್ತೇನೆ ಎಂದು ಪಣ ತೊಟ್ಟೆ. ಎಲ್ಲರೂ ಖುಷಿಯಿಂದ ಓಡಿ ಬರುತ್ತಾರೆ ಎಂದುಕೊಂಡಿದ್ದೆ. ಯಾರಿಗೂ ಬೇಡ! ಅತ್ತೆ ಮಾತ್ರ ಬಂದರು. ಬಂದವರೇ "ನೀನು ಆಚೆ ತಿರುಗು" ಎಂದರು. ಐಸಮ್ಮನನ್ನು ಸೊಸೆ ನಬೀಸಾ ಕೈಹಿಡಿದು ಕರೆತಂದಳು.

"ನೀನೇ ಇಟ್ಕೊ ಮಗಾ, ನನಗೆ ನೆನಪು ಇರುವುದಿಲ್ಲ" ಎಂದರು ಐಸಮ್ಮ.

"ಹಾಗಲ್ಲ, ನಿಮ್ಮದು ನಿಮಗೆ ಮಾತ್ರ ಗೊತ್ತಿರಬೇಕು. ನನಗೂ ಗೊತ್ತಾಗಬಾರದು."

"ನಿನಗೆ ಗೊತ್ತಾದರೆ ಏನಾಗ್ತದೆ? ನೀನು ಕಳ್ಳಿಯಾ?"

ಏನು ಹೇಳಲಿ ಮಾವ? "ಹೌದು ಐಸಮ್ಮ" ಎಂದೆ. ಅವರು ಬಾಯಿಗೆ ಕೈ ಹಿಡಿದು ನಕ್ಕರು. ಆಮೇಲೆ ನಾನು ಗೋಡೆ ಕಡೆ ತಿರುಗಿ ನಿಂತೆ, ಅವರು ಒಂದೊಂದೇ ಅಕ್ಷರ ಒತ್ತಿದರು. ಮುಗಿದ ಮೇಲೆ ಇದು ಸರಿ ಉಂಟಾ ಎಂದು ನನಗೆ ದೊಡ್ಡದಾಗಿ ಓದಿ ಹೇಳಿದರು. ರಿಕ್ಷಾ ಸ್ಟ್ಯಾಂಡಿನವರೆಗೂ ಕೇಳಿಸಿತು. ನಬೀಸಾ ತಲೆ ಚಚ್ಚಿಕೊಂಡಳು. ಪುನಃ ಮೊದಲಿನಿಂದ ಮಾಡಿದೆವು.

ನೋಟ್‌ಬುಕ್ಕನ್ನು ನಿನ್ನೆ ಅಮ್ಮನ ಬಚ್ಚಲೊಲೆಗೆ ಹಾಕಿದೆ. ಬಿಸಿನೀರು ಚೆನ್ನಾಗಿ ಕಾದಿತ್ತು.

ಮೋಕ್ಷಿತಾ

•

ಸಿದ್ದಕಟ್ಟೆ
14 ಜನವರಿ 2026

ಮೋಕ್ಷೀ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಜ್ಜನ ವಿಷಯ ನಿನ್ನಲ್ಲೇ ಇರಲಿ. ನೀನು ಅದನ್ನು ಅಕ್ಕನಿಗೆ ಹೇಳಿಲ್ಲ ಎಂದಮೇಲೆ ನನಗೆ ಊಟ ಸೇರಿತು.

ನನ್ನ ಫೋನಿಗೆ ನಾನೇ ಖಾತೆ ಮಾಡಿದೆ. ಅಸ್ಕರ್ ಪಕ್ಕದಲ್ಲಿ ಕೂತು ಹೇಳಿಕೊಟ್ಟ, ಪಾಸ್‌ವರ್ಡ್ ಬಂದಾಗ ಅವನಾಗಿಯೇ ಕಿಟಕಿಯ ಹೊರಗೆ ನೋಡಿದ. ನಾನು ಏನೂ ಹೇಳಿರಲಿಲ್ಲ. ಎಷ್ಟೋ ವರ್ಷದಿಂದ ಜನ ಅವನ ಕೈಯಲ್ಲಿ ಮುಚ್ಚಿದ ಕವರು ಕೊಡುತ್ತಾರೆ, ಮದ್ದು, ಜಾತಕ, ರಕ್ತ ಪರೀಕ್ಷೆಯ ಕಾಗದ. ಒಳಗೆ ಏನುಂಟು ಎಂದು ಅವನು ಕೇಳಿದ್ದನ್ನು ನಾನು ನೋಡಿಲ್ಲ. ಎಲ್ಲಿ ಇಳಿಸಬೇಕು ಎಂದು ಮಾತ್ರ ಕೇಳುತ್ತಾನೆ.

ಮೇಡಂ ಬರೆದ ಉತ್ತರ ನೀನು ಹೇಳಿದ ಹಾಗೆ ಆಪ್ತಸಮಾಲೋಚನೆಯ ಖಾತೆಯಲ್ಲೇ ಇತ್ತು. ಸಿಟ್ಟು ಇರಲಿಲ್ಲ. "ನಿಮ್ಮ ಫೋನು ಅಥವಾ ಮೇಲ್ ಬೇರೆ ಯಾರಾದರೂ ನೋಡುತ್ತಾರೆಯೇ?" ಎಂದು ಒಂದೇ ಪ್ರಶ್ನೆ. ಮೊದಲ ದಿನ ತುಂಬಿಸಿದ ಫಾರಮಿನಲ್ಲೂ ಅದೇ ಪ್ರಶ್ನೆ ಇತ್ತಂತೆ. ನಾನು ಓದದೆ "ಇಲ್ಲ" ಎಂದು ಒತ್ತಿದ್ದೆ. ಹಾಗಾದರೆ ಈ ತಪ್ಪಿನಲ್ಲಿ ಒಂದು ಕಾಲುಪಾಲು ನನ್ನದು. ಮುಕ್ಕಾಲು ನೀನೇ ಇಟ್ಟುಕೊ.

ಕ್ಷಮೆ ಕೇಳಿದೆ. ಆಮೇಲೆ ನಿನ್ನ ಹದಿನೇಳರಲ್ಲಿ ನಾಲ್ಕನ್ನು ಆರಿಸಿ ಅವರನ್ನೇ ಕೇಳಿದೆ. ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ? ತಮ್ಮ ಟಿಪ್ಪಣಿಯಲ್ಲಿ, ಹೆಸರಿನ ಬದಲು ನಂಬರು ಹಾಕಿ, ಎಂದರು. ಮಾತು ರೆಕಾರ್ಡು ಆಗುತ್ತದಾ? ಇಲ್ಲ, ಯಾರಾದರೂ ಮಾಡುವುದಿದ್ದರೆ ಮೊದಲು ನಿಮ್ಮ ಒಪ್ಪಿಗೆ ಕೇಳಬೇಕು. ಈ ಮೇಲ್‌ಗೆ ಪ್ರತಿ ಬರುವುದನ್ನು ನಿಲ್ಲಿಸಬಹುದಾ? ನಿಲ್ಲಿಸಬಹುದು, ಎಲ್ಲಿ ಒತ್ತಬೇಕು ಎಂದು ತೋರಿಸಿದರು. ಯಾವಾಗ ನೀವು ಬೇರೆಯವರಿಗೆ ಹೇಳುತ್ತೀರಿ? ಇದಕ್ಕೆ ಅವರು ಸ್ವಲ್ಪ ನಿಧಾನವಾಗಿ ಉತ್ತರ ಕೊಟ್ಟರು. ನಿಮ್ಮ ಜೀವಕ್ಕೆ, ಇನ್ನೊಬ್ಬರ ಜೀವಕ್ಕೆ ಅಪಾಯ ಉಂಟು ಎಂದು ಕಂಡರೆ, ಆದಷ್ಟು ನಿಮಗೆ ತಿಳಿಸಿಯೇ. ಸೇತುವೆಯಲ್ಲಿ ನೀವು ಸ್ಟೇರಿಂಗ್ ಬಿಟ್ಟುಕೊಟ್ಟಿರಿ, ಆ ತೀರ್ಮಾನ ಸರಿಯಾಗಿತ್ತು ಎಂದರು. ಆರು ತಿಂಗಳಲ್ಲಿ ನನಗೆ ಮೊದಲ ಸಲ ಒಬ್ಬರು ಹಾಗೆ ಹೇಳಿದ್ದು.

ಫೋನು ಲಾಕಾಗಿದ್ದಾಗ ಮೆಸೇಜು ಮೇಲೆ ಕಾಣದ ಹಾಗೆಯೂ ಮಾಡಿದೆ. ಅದು ನಿನ್ನ ಆರನೆಯದು. ಒಳ್ಳೆಯದಿತ್ತು.

ಮಾತಾಡುವ ಜಾಗ? ಬಸ್ಸು. ಮಧ್ಯಾಹ್ನ ಮೂಡುಬಿದಿರೆಯಲ್ಲಿ ಮುಕ್ಕಾಲು ಗಂಟೆ ಹಾಲ್ಟು ಉಂಟಲ್ಲ, ಗ್ಲಾಸು ಎಲ್ಲ ಮುಚ್ಚಿ, ಕಿವಿಗೆ ಇಯರ್‌ಫೋನ್ ಹಾಕಿ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಬೆವರಿ ಸಾಕಾಗುತ್ತದೆ, ಆದರೆ ಗೋಡೆ ಮಾಡಿನವರೆಗೆ ಉಂಟು. ಅಸ್ಕರ್ ಬಾಗಿಲಲ್ಲಿ ನಿಲ್ಲುತ್ತಾನೆ. ಕಳೆದ ವಾರ ಮೀನಿನ ಬುಟ್ಟಿಯ ಸಫಿಯಮ್ಮ ಹಿಂದಿನ ಬಾಗಿಲಿನಿಂದ ಹತ್ತಿಬಿಟ್ಟರು.

"ಏನು, ಡ್ರೈವರ್ ಒಬ್ಬನೇ ಮಾತಾಡ್ತಾ ಇದ್ದಾನೆ?"

"ಕಂಪೆನಿಯವರ ಹತ್ತಿರ ಇಂಜಿನ್ ವಿಷಯ ಮಾತಾಡುವುದು, ಇಳಿಯಿರಿ ಸಫಿಯಮ್ಮ" ಎಂದ ಅಸ್ಕರ್.

"ಇಂಜಿನ್‌ಗೆ ಇಷ್ಟು ನಿಟ್ಟುಸಿರಾ!"

ನಾನು ನಕ್ಕೆ. ಆ ಕಡೆ ಮೇಡಂಗೂ ಕೇಳಿಸಿತು, ಅವರೂ ನಕ್ಕರು. ಅವತ್ತಿನ ಮಾತು ಚೆನ್ನಾಗಿ ಹೋಯಿತು.

ಮಾವ

•

ಮೂಡುಬಿದಿರೆ
29 ಜನವರಿ 2026

ಪ್ರೀತಿಯ ಮಾವ,

ಗ್ಲಾಸು ಮುಚ್ಚಿದ ಬಸ್ಸು ನಮ್ಮ ಅಂಗಡಿಗೆ ಕಾಣುತ್ತದೆ. ಆ ಮುಕ್ಕಾಲು ಗಂಟೆ ನಾನು ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಕೂರುತ್ತೇನೆ. ಹೇಗೆ ಹೋಗುತ್ತಿದೆ ಎಂದು ಕೇಳುವುದಿಲ್ಲ. ಕೇಳಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೇನೆ, ಅದನ್ನು ಮಾತ್ರ ಹೇಳುತ್ತೇನೆ.

ಇವತ್ತಿನ ಪತ್ರಕ್ಕೆ ಬೇರೆ ಕಾರಣ ಉಂಟು. ನಿಮಗೆ ತಿಳಿದಿರಬೇಕು.

ಬೆಳಿಗ್ಗೆ ನಿಮ್ಮ ಓನರ್ ಚಿದಾನಂದಣ್ಣ ಪರ್ಮಿಟಿನ ಕಾಗದ ಜೆರಾಕ್ಸ್ ಮಾಡಿಸಲು ಬಂದರು. ಕಾಗದ ಕೊಟ್ಟು ಅಲ್ಲೇ ನಿಂತರು.

"ನೀನು ರುಕ್ಮಯ್ಯನ ಅಕ್ಕನ ಮಗಳಲ್ವಾ?"

"ಹೌದು."

"ಅವನು ಯಾಕೆ ಬಿ.ಸಿ.ರೋಡಿನಲ್ಲಿ ಇಳಿಯುವುದು? ವಿಟ್ಲಕ್ಕೆ ಸಂದೇಶ ಹೋಗ್ತಾನೆ ಅಂತ ಜನ ಹೇಳ್ತಾರೆ. ಏನಾದರೂ ತೊಂದರೆ ಉಂಟಾ ಅವನಿಗೆ?"

ಮಾವ, ನನ್ನ ನಾಲಿಗೆಯ ತುದಿಯಲ್ಲಿ ಒಂದು ಇಡೀ ಭಾಷಣ ಇತ್ತು. ಚಾಲಕರ ಹಕ್ಕು, ಮನಸ್ಸಿನ ಕಾಯಿಲೆ ಬಗ್ಗೆ ಸಮಾಜದ ಧೋರಣೆ, ಮಾಲೀಕರ ಕರ್ತವ್ಯ. ಎಲ್ಲ ನನಗೆ ಬಾಯಿಪಾಠ. ಹತ್ತು ನಿಮಿಷ ಕೊಟ್ಟಿದ್ದರೆ ಅವರನ್ನು ಅಳಿಸಿಬಿಡುತ್ತಿದ್ದೆ ಎಂದು ನನಗೆ ನಂಬಿಕೆ. ನಿಮ್ಮ ಒಳ್ಳೆಯದಕ್ಕೇ. ಹೋದ ಸಲವೂ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು.

"ಅವರನ್ನೇ ಕೇಳಿ ಅಣ್ಣ" ಎಂದೆ.

"ನಿನಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದರೆ ಸುಳ್ಳು. "ನನ್ನ ಹತ್ತಿರ ಕೇಳಬೇಡಿ, ಅವರನ್ನೇ ಕೇಳಿ. ನಾಲ್ಕು ಪ್ರತಿ ಸಾಕಾ?" ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಗೋಡೆಯ ಕರಪತ್ರವನ್ನೂ ನೋಡಿದರು. "ಸಾಕು" ಎಂದು ಹೋದರು.

ನಾನು ಸರಿ ಮಾಡಿದೆನೋ ಕೆಡಿಸಿದೆನೋ ಗೊತ್ತಿಲ್ಲ. ಈಗ ಅವರಿಗೆ ಏನೋ ಉಂಟು ಎಂದು ಅನುಮಾನ ಬಂದಿದೆ. ಏನು ಎಂದು ಮಾತ್ರ ಗೊತ್ತಿಲ್ಲ. ಮುಂದಿನದು ನಿಮಗೆ ಬಿಟ್ಟದ್ದು. ನಿಮಗೆ ಬೇಕೆಂದರೆ ನಿಮ್ಮ ಜೊತೆ ಬರುತ್ತೇನೆ, ಬೇಡವೆಂದರೆ ಅಂಗಡಿಯಲ್ಲೇ ಕೂರುತ್ತೇನೆ. ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಹೊಸತು. ಕೆನ್ನೆ ನೋಯುತ್ತದೆ.

ನಿಮ್ಮ
ಮೋಕ್ಷಿ

•

ಸಿದ್ದಕಟ್ಟೆ
13 ಫೆಬ್ರವರಿ 2026

ಪ್ರೀತಿಯ ಮೋಕ್ಷೀ,

ನಿನ್ನ ಪತ್ರ ಸಿಕ್ಕಿದ ಮರುದಿನವೇ ಚಿದಾನಂದಣ್ಣನ ಮನೆಗೆ ಹೋದೆ. ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತೆ. ನಾಯಿ ಬೊಗಳಿತು, ಇನ್ನು ವಾಪಸು ಹೋಗುವಂತಿಲ್ಲ ಎಂದು ಒಳಗೆ ಹೋದೆ.

ಎಲ್ಲ ಹೇಳಿದೆ. ತುಳುವಿನಲ್ಲಿ ಹೇಳಿದೆ. ಹೆದರಿಕೆಯಾಗುತ್ತದೆ ಎಂದೂ ಹೇಳಿದೆ. ನನ್ನ ಬಾಯಿಯಿಂದ ಅದನ್ನು ಕೇಳಿ ನನಗೇ ವಿಚಿತ್ರವಾಯಿತು.

ಅವರು ಮೊದಲು ಬೈದರು. ಭಯಕ್ಕೆ ಅಲ್ಲ, ಮುಚ್ಚಿಟ್ಟದ್ದಕ್ಕೆ. "ನನ್ನ ಬಸ್ಸಿನಲ್ಲಿ ಏನಾಗ್ತದೆ ಅಂತ ನನಗೆ ಜೆರಾಕ್ಸ್ ಅಂಗಡಿಯಲ್ಲಿ ಕೇಳಬೇಕಾ ಮಾರಾಯ? ಅಲ್ಲಿ ಕೇಳಿದರೂ ಆ ಹುಡುಗಿ ಬಾಯಿ ಬಿಡುವುದಿಲ್ಲ!" ಎಂದರು. ಆಮೇಲೆ ಚಾ ತರಿಸಿದರು. ಮೇಡಂ ಏನು ಹೇಳುತ್ತಾರೆ ಎಂದು ಕೇಳಿದರು. ಸ್ವಲ್ಪಸ್ವಲ್ಪವೇ ಅಭ್ಯಾಸ ಮಾಡಬೇಕು ಎನ್ನುತ್ತಾರೆ, ಮೊದಲು ನಡೆದು, ಆಮೇಲೆ ಬೈಕಿನಲ್ಲಿ, ಆಮೇಲೆ ಖಾಲಿ ಬಸ್ಸಿನಲ್ಲಿ ಎಂದೆ. "ಖಾಲಿ ಬಸ್ಸು ನಾನು ಕೊಡ್ತೇನೆ" ಎಂದರು. ಅಲ್ಲಿಯವರೆಗೆ ವಿಟ್ಲಕ್ಕೆ ಸಂದೇಶನೇ ಹೋಗುವುದು, ಯಾರಾದರೂ ಕೇಳಿದರೆ ತಾನೇ ಡ್ಯೂಟಿ ಹಾಕಿದ್ದು ಎನ್ನುತ್ತೇನೆ ಎಂದರು. ನಾನು ಹೆದರಿದ್ದು ಒಂದು, ಆದದ್ದು ಇನ್ನೊಂದು. ಎಲ್ಲ ಓನರುಗಳೂ ಹೀಗೆ ಇರುವುದಿಲ್ಲ, ಆದ್ದರಿಂದ ಇದನ್ನು ನಿನ್ನ ಕರಪತ್ರದಲ್ಲಿ ಹಾಕಬೇಡ.

ನಡೆದು ಎರಡು ಸಲ ದಾಟಿದೆ. ಎರಡನೆಯ ಸಲ ನಿನ್ನ ಅತ್ತೆಯೂ ಜೊತೆಗೆ ಬಂದಳು. ನಡುವಿನಲ್ಲಿ ನಿಂತು ನೇತ್ರಾವತಿಯನ್ನು ನೋಡಿ "ಇಷ್ಟು ವರ್ಷ ಬಸ್ಸಿನಲ್ಲಿ ಹೋಗಿ ನೀರು ನೋಡಿಯೇ ಇಲ್ಲ" ಎಂದಳು. ಬೈಕಿನಲ್ಲಿ ನಾಲ್ಕು ಸಲ. ಕಳೆದ ಭಾನುವಾರ ಖಾಲಿ ಬಸ್ಸಿನಲ್ಲಿ, ಪಕ್ಕದಲ್ಲಿ ಸಂದೇಶ. ಕೈ ಬೆವರಿತು. ಬೆವರಲಿ, ಬೆವರಿದ ಕೈಯೂ ಸ್ಟೇರಿಂಗ್ ಹಿಡಿಯುತ್ತದೆ ಎಂದು ಮೇಡಂ ಹೇಳಿದ್ದರು, ಅದನ್ನೇ ನೆನಪು ಮಾಡಿಕೊಂಡೆ. ಅತ್ತ ದಡ ಮುಟ್ಟಿದಾಗ ಸಂದೇಶ ಕೇಳಿದ, "ಚಾ ಕುಡಿಯುವಾ ಅಣ್ಣ?" ಈ ಸಲ ಇಬ್ಬರೂ ಒಟ್ಟಿಗೆ ಕುಡಿದೆವು.

ಪ್ರಯಾಣಿಕರನ್ನು ಕೂರಿಸಿಕೊಂಡು ದಾಟಲು ಇನ್ನೂ ಸಮಯ ಉಂಟು. ಅವಸರ ಇಲ್ಲ ಎಂದು ಮೇಡಂ ಹೇಳುತ್ತಾರೆ, ಓನರೂ ಹೇಳುತ್ತಾರೆ. ನಾನೂ ಹೇಳಿಕೊಳ್ಳುತ್ತಿದ್ದೇನೆ.

ಈಗ ಒಂದು ಕೆಲಸ ಬಾಕಿ ಉಂಟು. ಅದಕ್ಕೆ ನೀನು ಬೇಕು.

ಅಕ್ಕನಿಗೂ ದೊಡ್ಡಕ್ಕನಿಗೂ ಈ ವಿಷಯವನ್ನು ನಾನು ಇನ್ನೂ ಹೇಳಿಯೇ ಇಲ್ಲ. ಅವರಿಗೆ ಗೊತ್ತುಂಟು, ಅವರಿಗೆ ಗೊತ್ತುಂಟು ಎಂದು ನನಗೆ ಗೊತ್ತುಂಟು. ಆದರೆ ನಾನು ಹೇಳಿಲ್ಲ. ನನಗೆ ಹೇಳಬೇಕು. ನನ್ನ ಬಾಯಿಂದ, ನನಗೆ ಬೇಕಾದಷ್ಟು, ನನಗೆ ಬೇಕಾದ ಕಡೆ ನಿಲ್ಲಿಸಿ. ನೀನು ಅವರಿಬ್ಬರನ್ನೂ ಕರೆದುಕೊಂಡು ಬರಬೇಕು. ಬರುವ ಮೊದಲು ಸರಿಯಾಗಿ ತಯಾರು ಮಾಡಬೇಕು. ಏನೂ ಗೊತ್ತಿಲ್ಲದವರ ಹಾಗೆ ಕೂರಬೇಕು. ನಾನು ಹೇಳುವ ಮೊದಲೇ ದೊಡ್ಡಕ್ಕ ಕಣ್ಣೀರು ಹಾಕಬಾರದು. ನಿನ್ನ ಅಮ್ಮ "ಅದೇ ನಾನು ಹೇಳಿದ್ದಲ್ವಾ" ಎನ್ನಬಾರದು. ಸೇತುವೆ ಎಂದ ಕೂಡಲೇ "ಹೌದಾ! ಯಾವ ಸೇತುವೆ?" ಎಂದು ಕೇಳಬೇಕು. ಅಕ್ಕನಿಗೆ ಸುಳ್ಳು ನಟಿಸಿ ಅಭ್ಯಾಸ ಇಲ್ಲ, ಕನ್ನಡಿ ಮುಂದೆ ಕೂರಿಸಿ ನಾಲ್ಕು ಸಲ ಮಾಡಿಸು.

ನೀನೂ ಅಷ್ಟೇ. ನೀನು ಏನನ್ನೂ ಓದಿಲ್ಲ. ನಾನು ಹೇಳುವಾಗ ಮೊದಲ ಸಲ ಕೇಳಿಸಿಕೊ.

ಅವತ್ತು ನನಗೆ ರಜೆ. ಚಿದಾನಂದಣ್ಣ ಖಾಲಿ ಬಸ್ಸು ಕೊಡುತ್ತಾರೆ, ಪಕ್ಕದಲ್ಲಿ ಸಂದೇಶ ಇರುವುದಿಲ್ಲ. ಒಬ್ಬನೇ ದಾಟಿ ಬರುತ್ತೇನೆ. ನೀವು ಮೂವರು ಬೇರೆ ಬಸ್ಸಿನಲ್ಲಿ ಮೊದಲೇ ಬಂದು ಆಚೆ ದಡದಲ್ಲಿ ಇರಿ.

ಪಾಣೆಮಂಗಳೂರು ಬಸ್ ನಿಲ್ದಾಣ. ಫೆಬ್ರವರಿ 22, ಭಾನುವಾರ, ಸಂಜೆ ನಾಲ್ಕೂವರೆಗೆ.

ನಿನ್ನ ಮಾವ,
ರುಕ್ಮಯ್ಯ